ಹೂಳಿದ ಕಂದಕ-ಕೆರೆಗಳೂ ಪರೀಕ್ಷಾಖನನವೂ: ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳನ್ನು ಕುರಿತ ಒಂದು ವಿಚಾರ

೧. ಪೀಠಿಕೆ

ಮಲಪ್ರಭೆಯ ಎರಡು ಮಗ್ಗುಲಲ್ಲಿಯೂ ಹಬ್ಬಿರುವ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳ ಇತಿಹಾಸವು ಇದುವರೆಗೆ ಮುಖ್ಯವಾಗಿ ಎರಡು ಬಗೆಯ ಆಧಾರಗಳ ಮೇಲೆ ನಿಂತಿದೆ. ಶಿಲಾಶಾಸನಗಳು ಮೊದಲನೆಯವು, ದೇಸಗತಿಗಳ ಕಾಗದಪತ್ರಗಳೂ ಕುಂಪಣಿ ಸರಕಾರದ ದಫ್ತರಗಳೂ ಎರಡನೆಯವು. ಈ ಎರಡು ಬಗೆಗಳನ್ನೂ ಒಂದೇ ಕಡೆ ಕೂಡಿಸುವ ವ್ಯಕ್ತಿಯೊಬ್ಬನು ಕಿತ್ತೂರಿನ ಚರಿತ್ರೆಯಲ್ಲಿಯೇ ಕಾಣಬರುತ್ತಾನೆ. ಕ್ರಿ. ಶ. ೧೮೨೪ನೆಯ ಇಸವಿಯ ಅಕ್ಟೋಬರ ೨೩ರಂದು ಧಾರವಾಡದ ಕಲೆಕ್ಟರನಾದ ಸೇಂಟ್ ಜಾನ್ ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಮಡಿದಾಗ, ಅವನ ಸಹಾಯಕರಾದ ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಎಂಬಿಬ್ಬರು ಕಿತ್ತೂರಿನವರ ಕೈಸೆರೆಯಾದರು. ಸೆರೆಯಿಂದ ಬಿಡುಗಡೆಹೊಂದಿದ ಆ ಎಲಿಯಟನೇ ಮುಂದೆ ಕನ್ನಡನಾಡಿನ ಊರೂರುಗಳಿಂದ ೫೯೫ ಶಾಸನಗಳ ಪ್ರತಿಗಳನ್ನು ಮಾಡಿಸಿ, ೧೮೩೭ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯಾದಿ ರಾಜವಂಶಗಳ ಚರಿತ್ರೆಯನ್ನು ಮೊದಲ ಬಾರಿಗೆ ವಿದ್ವಜ್ಜನರ ಮುಂದಿಟ್ಟನು. ಅವನ ಬಳಿಕ ಫ್ಲೀಟ್ ಮಹಾಶಯನು ಸವದತ್ತಿಯ ರಟ್ಟರ ಶಾಸನಗಳನ್ನು ಸಂಪಾದಿಸಿ, ಆ ವಂಶದ ರಾಜಾವಳಿಯನ್ನು ನಿರ್ಣಯಿಸಿದನು.

ಇವರ ಪರಿಶ್ರಮದ ಫಲವಾಗಿ ಅರಸರ ಹೆಸರುಗಳೂ ದಾನಗಳ ಮಿತಿಗಳೂ ಯುದ್ಧಗಳ ದಿನಾಂಕಗಳೂ ತಕ್ಕಮಟ್ಟಿಗೆ ತಿಳಿದುಬಂದಿವೆ. ಆದರೆ ಆ ಪುರಗಳಲ್ಲಿ ಬಾಳಿದ ಜನರು ಏನನ್ನು ಉಣ್ಣುತ್ತಿದ್ದರು, ಯಾವ ಮರವನ್ನು ಮನೆಗೆ ಬಳಸುತ್ತಿದ್ದರು, ಅವರ ಊರಿನ ಸುತ್ತಲೂ ಎಂತಹ ಗಿಡಮರಗಳಿದ್ದವು ಎಂಬ ಪ್ರಶ್ನೆಗಳಿಗೆ ಕಲ್ಲು ಉತ್ತರವೀಯದು. ಕಾಗದವೂ ಬಹುಮಟ್ಟಿಗೆ ಈಯದು. ಈ ಉತ್ತರಗಳು ಮಣ್ಣಿನಲ್ಲಿರುತ್ತವೆ. ಅದರಲ್ಲಿಯೂ ನೀರು ನಿಂತು ಹೂಳು ತುಂಬಿದ ಕಂದಕ, ಕೆರೆ, ಹೊಂಡ, ಹಾಳುಬಾವಿಗಳ ಮಣ್ಣಿನಲ್ಲಿ ಅವು ಬೇರೆಲ್ಲಿಗಿಂತಲೂ ಚೆನ್ನಾಗಿ ಉಳಿದಿರುತ್ತವೆ. ಪಟ್ಟಣಗಳು ಬೆಳೆದಂತೆ ಮೊಟ್ಟಮೊದಲು ತುಂಬಲ್ಪಡುವ ನೆಲವೂ ಇದೇ ಆಗಿರುವುದರಿಂದ ಈ ವಿಷಯವು ವಿಚಾರಾರ್ಹವಾಗಿದೆ.

೨. ಜವುಗುನೆಲದ ಗುಣ

ಒಣನೆಲದಲ್ಲಿ ಮರ, ತೊಗಲು, ಬಟ್ಟೆ, ಹಗ್ಗ, ಕಾಳು ಮುಂತಾದವು ಕೆಲವು ವರ್ಷಗಳಲ್ಲಿಯೇ ಕೊಳೆತು ಮಣ್ಣಾಗುತ್ತವೆ. ಕೊಳೆಯುವಿಕೆಗೆ ಕಾರಣವಾದ ಸೂಕ್ಷ್ಮಜೀವಿಗಳಿಗೆ ಪ್ರಾಣವಾಯುವು ಬೇಕು. ಸದಾ ನೀರಿನಿಂದ ನೆನೆದಿರುವ ಕೆಸರಿನೊಳಕ್ಕೆ ಗಾಳಿಯು ಸುಳಿಯಲಾರದು. ಅದು ಕಾರಣ ಅಲ್ಲಿ ಬಿದ್ದ ಗೂಟವೊಂದು ಸಾವಿರಾರು ವರ್ಷಗಳವರೆಗೆ ತನ್ನ ರೂಪವನ್ನುಳಿಸಿಕೊಳ್ಳಬಲ್ಲುದು. ಹೂವಿನ ಪರಾಗದ ಕಣಗಳು ಕೂಡ ಅಂತಹ ಕೆಸರಿನಲ್ಲಿ ಪದರು ಪದರಾಗಿ ಉಳಿದು, ಯಾವ ಕಾಲದಲ್ಲಿ ಕಾಡಿತ್ತು, ಯಾವಾಗ ಹೊಲವಾಯಿತು ಎಂಬುದನ್ನು ತಿಳಿಸುತ್ತವೆ.

ಇಂತಹ ನೆಲದ ಮೇಲೆ ಕಟ್ಟಿದ ಪಟ್ಟಣವೊಂದರಲ್ಲಿ ನಡೆದ ಪರೀಕ್ಷಾಖನನಕ್ಕೆ ಅಮೇರಿಕೆಯ ಬೋಸ್ಟನ್ ನಗರವು ಪ್ರಸಿದ್ಧವಾದ ಉದಾಹರಣೆಯಾಗಿದೆ. ಆ ನಗರದ ಬ್ಯಾಕ್ ಬೇ ಎಂಬ ಭಾಗವು ಹಿಂದೆ ಭರತ-ಇಳಿತಗಳಿಗೆ ಒಳಗಾದ ಜವುಗಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೀಡ್‌ಹ್ಯಾಮ್ ಎಂಬಲ್ಲಿಂದ ರೈಲುಗಾಡಿಗಳಲ್ಲಿ ಗರಸನ್ನು ತಂದು ಸುರಿದು ಅದನ್ನು ನೆಲವನ್ನಾಗಿ ಮಾಡಿದರು. ೧೯೧೩ರಲ್ಲಿ ಬಾಯ್ಲ್‌ಸ್ಟನ್ ಬೀದಿಯ ಅಡಿಯಲ್ಲಿ ರೈಲಿನ ಸುರಂಗವನ್ನು ಅಗೆಯುವಾಗ, ಬೀದಿಯ ಮಟ್ಟದಿಂದ ಬಹಳ ಕೆಳಗೆ ಸಾಲಾಗಿ ನೆಟ್ಟ ಮರದ ಗೂಟಗಳು ಕಾಣಬಂದವು. ೧೯೩೯ರಲ್ಲಿ ಅಲ್ಲಿಯೇ ಒಂದು ದೊಡ್ಡ ಕಟ್ಟಡದ ಅಡಿಪಾಯವನ್ನು ತೋಡಿದಾಗ ಫ್ರೆಡರಿಕ್ ಜಾನ್‌ಸನ್ ಎಂಬ ವಿದ್ವಾಂಸನು ಭೂಗರ್ಭಶಾಸ್ತ್ರಜ್ಞರನ್ನೂ ಸಸ್ಯಶಾಸ್ತ್ರಜ್ಞರನ್ನೂ ಕೂಡಿಕೊಂಡು ಪರೀಕ್ಷೆ ನಡೆಸಿ, ೧೯೪೨ರಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ಅವು ಪ್ರಾಚೀನರು ಮೀನು ಹಿಡಿಯಲು ನೆಟ್ಟ ಗೂಟಬೇಲಿಯೆಂದು ಗೊತ್ತಾಯಿತು. ಗೂಟಗಳ ಸಂಖ್ಯೆ ೬೫,೦೦೦ದಷ್ಟಿರಬಹುದೆಂದು ಅಂದಾಜು ಮಾಡಲಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಅಷ್ಟು ಗೂಟಗಳನ್ನು ಕಂಡ ಮೊದಲಿನವರು ಅದನ್ನು ಒಂದೇ ಕಾಲದಲ್ಲಿ ಕಟ್ಟಿದ ಭಾರಿ ನಿರ್ಮಾಣವೆಂದು ತಿಳಿದಿದ್ದರು. ಮುಂದೆ ರೇಡಿಯೊಕಾರ್ಬನ್ ಕಾಲಮಾಪನವು ಬಳಕೆಗೆ ಬಂದು, ಡೀನಾ ಡಿಂಕಾಜ್, ಎಲೆನಾ ಡೆಸಿಮಾ ಎಂಬ ವಿದುಷಿಯರು ಪುನಃ ಪರಿಶೀಲಿಸಿದಾಗ, ಅವು ಸಾವಿರಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಹಲವು ತಲೆಮಾರಿನವರು ಮತ್ತೆ ಮತ್ತೆ ನೆಟ್ಟ ಸಣ್ಣ ಸಣ್ಣ ಬೇಲಿಗಳೆಂದು ಕಂಡುಬಂದಿತು. ಗೂಟಗಳು ಎಷ್ಟೆಷ್ಟು ಆಳದಲ್ಲಿ ಯಾವ ಯಾವ ಪದರಿನಲ್ಲಿ ನಿಂತಿದ್ದವು ಎಂಬುದನ್ನು ಜಾನ್‌ಸನ್ನನು ಬರೆದಿಟ್ಟಿದ್ದರಿಂದಲೇ ಅವನ ತಲೆಮಾರಿನ ಅಭಿಪ್ರಾಯವನ್ನು ತಿದ್ದುವುದು ಸಾಧ್ಯವಾಯಿತು. ಅಗೆತದಿಂದ ಬಂದ ಸಿದ್ಧಾಂತವು ಬದಲಾಗಬಹುದು. ಅಗೆತದ ಲೆಕ್ಕವು ಉಳಿಯಬೇಕು.

ಲಂಡನ್ ನಗರದಲ್ಲಿ ವಾಲ್‌ಬ್ರುಕ್ ಎಂಬ ಹೂಳಿಹೋದ ತೊರೆಯ ಪಾತ್ರದಲ್ಲಿ ೧೯೫೪ರಲ್ಲಿ ರೋಮಕರ ಮಿತ್ರದೇವಾಲಯವೊಂದು ಬೆಳಕಿಗೆ ಬಂದಿತು. ಅದೇ ನಿವೇಶನದಲ್ಲಿ ೨೦೧೦ರಿಂದ ೨೦೧೪ರ ವರೆಗೆ ನಡೆದ ಉತ್ಖನನದಲ್ಲಿ ೪೦೫ ಮರದ ಬರೆಹಹಲಗೆಗಳು ದೊರೆತವು, ಅವುಗಳೊಳಗೊಂದರಲ್ಲಿ ಕ್ರಿ. ಶ. ೫೭ನೆಯ ವರ್ಷದ ಸಾಲಪತ್ರವಿದೆ. ರಷಿಯಾದ ನವ್‌ಗರದ್ ಪಟ್ಟಣದ ತೇವನೆಲದಲ್ಲಿ ೧೯೫೧ರಿಂದೀಚೆಗೆ ಭೂರ್ಜದ ತೊಗಟೆಯ ಮೇಲೆ ಬರೆದ ಸಾವಿರಕ್ಕೂ ಮಿಕ್ಕ ಓಲೆಗಳು ಸಿಕ್ಕಿವೆ. ಇವೆಲ್ಲವೂ ಅರಸರ ಶಾಸನಗಳಲ್ಲ. ಸಾಲ, ವ್ಯಾಪಾರ, ಮನೆವಾರ್ತೆಗಳ ಬರೆಹಗಳು. ಕೆಸರು ಕಾಪಾಡಿದುದು ಸಾಮಾನ್ಯರ ಮಾತನ್ನು.

೩. ಕನ್ನಡನಾಡಿನಲ್ಲಿ ಸ್ತರಾನ್ವೇಷಣೆ

ಕನ್ನಡನಾಡಿನಲ್ಲಿ ಭೂಮಿಯ ಪದರುಗಳನ್ನು ಶೋಧಿಸುವ ಕಾರ್ಯವು ಮಲಪ್ರಭೆಯ ಸೀಮೆಗೆ ಹೊಸತಲ್ಲ. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಹತ್ತೊಂಬತ್ತನೆಯ ಶತಮಾನದಲ್ಲಿ ಈ ನದಿಯ ಕಣಿವೆಯಲ್ಲಿ ಹಳೆಯ ಶಿಲಾಯುಗದ ಆಯುಧಗಳನ್ನು ಗುರುತಿಸಿದನು. ಆರ್. ವಿ. ಜೋಶಿಯವರು ಅದೇ ಕಣಿವೆಯ ಗರಸು, ಮರಳು, ಮೇಲ್ಮಣ್ಣುಗಳ ಕ್ರಮವನ್ನು ಅಭ್ಯಸಿಸಿ ೧೯೫೫ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನದಿಯು ತಂದಿಕ್ಕಿದ ಪದರುಗಳನ್ನು ಓದುವ ಕ್ರಮವು ಹೀಗೆ ಈ ಸೀಮೆಯಲ್ಲಿ ಸ್ಥಾಪಿತವಾಯಿತು.

ಜನವಸತಿಯ ನೆಲೆಗಳಲ್ಲಿ ಡಾ॥ ಎಂ. ಎಚ್. ಕೃಷ್ಣ ಅವರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಮಾಡಿದ ಶೋಧವು ಮಾರ್ಗದರ್ಶಕವಾದುದು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರನು ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಸ್ತರಕ್ರಮವನ್ನು ಅನುಸರಿಸಿ ಅಗೆದು, ಶಾತವಾಹನರ ಕಾಲದ ಪದರುಗಳನ್ನು ಅವುಗಳ ಹಿಂದಿನ ಸಂಸ್ಕೃತಿಗಳಿಂದ ಬೇರ್ಪಡಿಸಿದನು. ಚಂದ್ರವಳ್ಳಿಯಲ್ಲಿ ಅಗೆತವು ಕಂಡ ಪಟ್ಟಣವೂ, ಮಯೂರಶರ್ಮನ ಶಾಸನವು ಹೇಳುವ ತಟಾಕವೂ ಒಂದೇ ಕಣಿವೆಯಲ್ಲಿರುವುದು ಸ್ಮರಣೀಯವಾದುದು. ಊರನ್ನೂ ಅದರ ನೀರನ್ನೂ ಬೇರೆ ಬೇರೆಯಾಗಿ ಅಭ್ಯಸಿಸಲಾಗದು.

ಬೆಳಗಾವಿ ಜಿಲ್ಲೆಗೆ ಬಂದರೆ, ಪಟ್ಟಣದ ನೆಲದಲ್ಲಿ ನಡೆದ ಉತ್ಖನನಕ್ಕೆ ವಡಗಾವಿ-ಮಾಧವಪುರವು ಸಮೀಪದ ನಿದರ್ಶನವಾಗಿದೆ. ಬೆಳಗಾವಿ ನಗರದ ಅಂಚಿನ ಈ ನೆಲೆಯಲ್ಲಿ ಡಾ॥ ಅ. ಸುಂದರ ಅವರು ೧೯೭೦ರ ದಶಕದಲ್ಲಿ ಅಗೆದು, ಶಾತವಾಹನರ ಕಾಲದ ಇಟ್ಟಿಗೆಯ ಮನೆಗಳುಳ್ಳ ಪುರವೊಂದನ್ನು ಬೆಳಕಿಗೆ ತಂದರು. ಶ್ರೌತಯಾಗಗಳನ್ನು ಆಚರಿಸಿದ ಬ್ರಾಹ್ಮಣನೊಬ್ಬನನ್ನು ಹೇಳುವ ಬ್ರಾಹ್ಮೀಲಿಪಿಯ ಸ್ತಂಭಶಾಸನವೂ ಅಲ್ಲಿಯದೇ ಆಗಿದೆ. ಬೆಳಗಾವಿಯ ಚರಿತ್ರೆಯನ್ನು ರಟ್ಟರ ವೇಣುಗ್ರಾಮದಿಂದ ಆರಂಭಿಸುತ್ತಿದ್ದ ವಾಡಿಕೆಯು ಇದರಿಂದ ಸುಮಾರು ಸಾವಿರ ವರ್ಷ ಹಿಂದಕ್ಕೆ ಸರಿಯಿತು.

ಇದಕ್ಕೆ ಪ್ರತಿಯಾಗಿ, ಅಗೆತವಿಲ್ಲದೆಯೇ ಮುಚ್ಚಿಹೋದ ನೆಲಗಳಿಗೆ ಬೆಂಗಳೂರು ಸಾಕ್ಷಿಯಾಗಿದೆ. ಧರ್ಮಾಂಬುಧಿ ಕೆರೆಯಿದ್ದ ಸ್ಥಳವು ಕೆಂಪೇಗೌಡ ಬಸ್ಸುನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವು ಎದ್ದಿತು. ಪೇಟೆಯ ಜನರು ಶತಮಾನಗಳ ಕಾಲ ನೀರು ಹೊತ್ತ, ಬಟ್ಟೆ ಒಗೆದ, ಮುರಿದ ಮಡಕೆಗಳನ್ನು ಎಸೆದ ಆ ಅಂಗಳಗಳ ಹೂಳು ಓದಲ್ಪಡಬೇಕಾದ ಒಂದು ಪುಸ್ತಕವಾಗಿತ್ತು.

೪. ಎರೆಮಣ್ಣಿನ ತೊಡಕು

ಬೋಸ್ಟನ್ನಿನ ಕ್ರಮವನ್ನು ಹಾಗೆಯೇ ತಂದು ಸವದತ್ತಿಯಲ್ಲಿ ಇರಿಸಲು ಬಾರದು. ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಬಹುಭಾಗವು ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುತ್ತದೆ; ಬೇಸಗೆಯಲ್ಲಿ ಒಣಗಿ ಆಳವಾಗಿ ಬಿರಿಯುತ್ತದೆ. ಮೇಲಿನ ಬಿಲ್ಲೆ, ಮಣಿ, ಬೋಕಿಗಳು ಆ ಬಿರುಕುಗಳಲ್ಲಿ ಜಾರಿ ಕೆಳಗಿನ ಪದರನ್ನು ಸೇರುತ್ತವೆ. ಮತ್ತೆ ಮಳೆ ಬಂದಾಗ ಬಿರುಕು ಮುಚ್ಚಿಕೊಳ್ಳುವುದರಿಂದ ಜಾರಿದ ಗುರುತೂ ಉಳಿಯದು. ಹೀಗಿರಲು, ಎರೆಯಲ್ಲಿ ಎಂಟಡಿ ಆಳದಲ್ಲಿ ದೊರೆತ ಒಂದೇ ನಾಣ್ಯದಿಂದ ಆ ಪದರಿನ ಕಾಲವನ್ನು ನಿರ್ಣಯಿಸುವುದು ಅಪಾಯಕರವಾದುದು. ಒಂದೇ ಪದರಿನ ಹಲವು ವಸ್ತುಗಳು ಒಂದೇ ಕಾಲವನ್ನು ಸೂಚಿಸಿದಲ್ಲದೆ ನಿರ್ಣಯಕ್ಕೆ ಬರಕೂಡದು.

ಎರಡನೆಯ ತೊಡಕು ಒಕ್ಕಲುತನದಿಂದ ಬಂದುದು. ಬೇಸಗೆಯಲ್ಲಿ ಕೆರೆಯ ಹೂಳನ್ನೆತ್ತಿ ಹೊಲಕ್ಕೆ ಹಾಕುವುದು ಈ ನಾಡಿನ ರೈತರ ಪುರಾತನವಾದ ರೂಢಿ. ಹಾಳೂರಿನ ದಿಬ್ಬಗಳ ಬೂದಿಮಣ್ಣನ್ನೂ ಗೊಬ್ಬರಕ್ಕಾಗಿ ಒಯ್ಯುವುದುಂಟು. ಇದರ ಪರಿಣಾಮವಾಗಿ ಕೆರೆಯ ಅಂಗಳದಲ್ಲಿ ಮೇಲಿನ ಕೆಲವು ಶತಮಾನಗಳ ಪದರುಗಳು ಇಲ್ಲದೆ ಹೋಗಬಹುದು. ಅದೇ ಪದರುಗಳ ಮಡಕೆಚೂರುಗಳು ಎಂದೂ ಊರಿಲ್ಲದ ಹೊಲಗಳಲ್ಲಿ ಕಾಣಿಸಿಕೊಳ್ಳಬಹುದು. ಹೊಲದ ಮೇಲೆ ಚೂರುಗಳನ್ನು ಕಂಡೊಡನೆ ಅಲ್ಲಿ ಪ್ರಾಚೀನ ಗ್ರಾಮವಿತ್ತೆಂದು ಬರೆಯುವ ಮೊದಲು, ಹೂಳು ಎಲ್ಲಿಂದ ಬಂದಿತೆಂಬುದನ್ನು ಆ ಊರಿನ ಹಿರಿಯ ಒಕ್ಕಲಿಗರಿಂದ ಕೇಳಿ ತಿಳಿಯುವುದು ಯುಕ್ತ.

ಮೂರನೆಯದು, ತುಂಬಿದ ಮಣ್ಣಿನ ವಿಪರ್ಯಾಸ. ಕಂದಕವನ್ನು ತುಂಬುವವರು ಸಮೀಪದ ಹಳೆಯ ದಿಬ್ಬವನ್ನೇ ಕಡಿದು ತಂದು ಸುರಿದರೆ, ಮೊದಲು ಕಡಿದ ದಿಬ್ಬದ ಮೇಲ್ಮಣ್ಣು ಕಂದಕದ ತಳಕ್ಕೂ, ದಿಬ್ಬದ ತಳದ ಪ್ರಾಚೀನ ಮಣ್ಣು ಕಂದಕದ ಮೇಲ್ಭಾಗಕ್ಕೂ ಬರುತ್ತದೆ. ಆಗ ಹಳೆಯದು ಮೇಲೆ, ಹೊಸದು ಕೆಳಗೆ ಎಂಬ ವಿಪರೀತಕ್ರಮವು ಕಾಣಿಸುವುದು. ಇಂತಹೆಡೆಯಲ್ಲಿ ಒಂದು ನಿಯಮವನ್ನು ಮರೆಯತಕ್ಕದ್ದಲ್ಲ: ತುಂಬಿದ ಮಣ್ಣಿನಲ್ಲಿ ದೊರೆತ ವಸ್ತುಗಳೊಳಗೆ ಎಲ್ಲಕ್ಕಿಂತ ಈಚಿನದು ಯಾವುದೋ, ತುಂಬಿದ ಕಾಲವು ಅದಕ್ಕಿಂತ ಹಿಂದಿನದಾಗಿರಲಾರದು. ನೂರು ಪ್ರಾಚೀನ ಚೂರುಗಳಿಗಿಂತ ಒಂದು ಗಾಜಿನ ಬಳೆಯ ತುಂಡು ಇಲ್ಲಿ ಹೆಚ್ಚಿನ ಸಾಕ್ಷಿಯಾದೀತು.

೫. ಕಿತ್ತೂರು ಮತ್ತು ಬೈಲಹೊಂಗಲ

ಈ ತತ್ತ್ವಗಳನ್ನು ಕಿತ್ತೂರಿಗೆ ಅನ್ವಯಿಸಿ ನೋಡಬಹುದು. ೧೫೮೫ರಿಂದ ೧೮೨೪ರ ವರೆಗೆ ದೇಸಗತಿಯನ್ನಾಳಿದ ಮನೆತನದಲ್ಲಿ ಅಲ್ಲಪ್ಪಗೌಡ ಸರದೇಸಾಯಿಯು ಹದಿನೇಳನೆಯ ಶತಮಾನದಲ್ಲಿ ಕೋಟೆಯನ್ನೂ ಅರಮನೆಯನ್ನೂ ಕಟ್ಟಿಸಿದನೆಂದು ಪ್ರಸಿದ್ಧಿಯುಂಟು. ೧೮೨೪ರ ಸಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಗತಿಸಿದನು. ದತ್ತಕವನ್ನು ಕುಂಪಣಿ ಸರಕಾರವು ಒಪ್ಪಲಿಲ್ಲ. ಅಕ್ಟೋಬರ ತಿಂಗಳ ಜಯದ ತರುವಾಯ, ಡಿಸೆಂಬರದ ಮೊದಲ ವಾರದಲ್ಲಿ ದೊಡ್ಡ ಸೈನ್ಯವು ಬಂದು ಮುತ್ತಲು ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಅವಳು ಅಲ್ಲಿಯೇ ೧೮೨೯ರಲ್ಲಿ ದೇಹವಿಟ್ಟಳು. ಅವಳ ಸಮಾಧಿಯು ಆ ಊರಲ್ಲಿದೆ. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಈ ವೃತ್ತಾಂತದ ಬರೆಹದ ಆಧಾರಗಳಲ್ಲಿ ಹೆಚ್ಚಿನವು ಗೆದ್ದವರ ಪತ್ರಗಳು. ಸೋತವರ ಪಕ್ಷದ ನೆನಪು ಲಾವಣಿಗಳಲ್ಲಿ ಉಳಿಯಿತು. ಅದು ಮನೋಹರವಾದುದಾದರೂ ಗೋಡೆಯು ಎಲ್ಲಿ ಒಡೆಯಿತು, ಗುಂಡು ಯಾವ ದಿಕ್ಕಿನಿಂದ ಬಿದ್ದಿತು ಎಂಬುದನ್ನು ಅಳೆದು ಹೇಳದು. ಯಾರ ಪಕ್ಷಕ್ಕೂ ಸೇರದ ಮೂರನೆಯ ಸಾಕ್ಷಿಯೊಂದು ಬೇಕಾದರೆ ಅದು ಕೋಟೆಯ ಕಂದಕದಲ್ಲಿಯೇ ಇರತಕ್ಕದ್ದು. ಕಾವಲು ಇರುವ ತನಕ ಕಂದಕವನ್ನು ಹೂಳೆತ್ತಿ ತೆರವಾಗಿಡುವುದು ಕೋಟೆಯ ಧರ್ಮ. ಕಾವಲು ತಪ್ಪಿದೊಡನೆ ಅದು ತುಂಬತೊಡಗುತ್ತದೆ. ಅದು ಕಾರಣ ಕಿತ್ತೂರಿನ ಕಂದಕದ ತಳದ ಹೂಳಿಗೂ ೧೮೨೪ಕ್ಕೂ ನಿಕಟಸಂಬಂಧವಿರಬೇಕೆಂದು ಊಹಿಸಲು ಅವಕಾಶವಿದೆ. ಗೋಡೆಯಿಂದುರುಳಿದ ಕಲ್ಲು, ಸುಟ್ಟ ತೊಲೆಯ ಇದ್ದಲಿ, ಸೀಸದ ಗುಂಡು, ಬಂದೂಕಿನ ಚಕಮಕಿಕಲ್ಲು ಇವು ಯಾವ ಕ್ರಮದಲ್ಲಿ ಬಿದ್ದಿವೆಯೆಂಬುದು ಮುತ್ತಿಗೆಯ ದಿನಗಳನ್ನೂ, ಆ ತರುವಾಯ ಅರಮನೆಯನ್ನು ಕೆಡವಿದ ರೀತಿಯನ್ನೂ ತಿಳಿಸಬಲ್ಲುದು. ಮುತ್ತಿಗೆಯ ಹಾನಿ ಯಾವುದು, ಮುತ್ತಿಗೆ ಮುಗಿದ ಮೇಲೆ ಬೇಕೆಂದೇ ಕೆಡವಿದ ಹಾನಿ ಯಾವುದು ಎಂಬ ವಿವೇಚನೆಗೆ ಇದಕ್ಕಿಂತ ಬೇರೆ ದಾರಿಯಿಲ್ಲ.

ಇಲ್ಲಿ ಕಾಲನಿರ್ಣಯಕ್ಕೆ ರೇಡಿಯೊಕಾರ್ಬನ್ ಕ್ರಮವು ಹೆಚ್ಚು ನೆರವಾಗದೆಂಬುದನ್ನು ಮೊದಲೇ ಅರಿತಿರಬೇಕು. ಸುಮಾರು ೧೬೫೦ರಿಂದೀಚಿನ ಮೂರು ಶತಮಾನಗಳ ವಸ್ತುಗಳನ್ನು ಆ ಕ್ರಮವು ಒಂದರಿಂದೊಂದನ್ನು ಬಿಡಿಸಿ ಹೇಳಲಾರದು. ಆದ್ದರಿಂದ ನಾಣ್ಯ, ಗಾಜು, ಚೀನೀ ಪಿಂಗಾಣಿ, ಗುಂಡುಗಳ ಅಳತೆ ಮುಂತಾದವನ್ನೇ ನೆಚ್ಚಬೇಕಾಗುತ್ತದೆ.

ಕಿತ್ತೂರಿನ ಅರಮನೆಯ ಅವಶೇಷಗಳು ರಕ್ಷಿತವಾಗಿವೆ, ಕೋಟೆಯೊಳಗೆ ವಸ್ತುಸಂಗ್ರಹಾಲಯವಿದೆ. ಅರಮನೆಯ ಅಡಿಪಾಯಗಳೂ ಸ್ನಾನಗೃಹದ ನೀರಿನ ಕೊಳವೆಗಳೂ ಸಂದರ್ಶಕರ ಗಮನವನ್ನು ಸೆಳೆಯುತ್ತವೆ. ಆದರೆ ಆ ಕೊಳವೆಗಳಲ್ಲಿ ಹರಿದ ನೀರು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯು ಅರಮನೆಯ ಹೊರಗೆ, ಕಂದಕ-ಕೆರೆಗಳ ಕಡೆಗೆ ಒಯ್ಯುತ್ತದೆ.

೬. ಸವದತ್ತಿ ಮತ್ತು ರಾಮದುರ್ಗ

ಸವದತ್ತಿಯು ಶಾಸನಗಳ ಸುಗಂಧವರ್ತಿ. ಕ್ರಿ. ಶ. ೯೮೦ರ ಶಾಸನವು ಶಾಂತಿವರ್ಮನು ಅಲ್ಲಿ ಜಿನಾಲಯವನ್ನು ಮಾಡಿಸಿ ಭೂದಾನವಿತ್ತುದನ್ನು ತಿಳಿಸುತ್ತದೆ. ಶಕ ೧೧೫೧ರ ಶಾಸನವು ಎರಡನೆಯ ಲಕ್ಷ್ಮಿದೇವನ ಕಾಲದ್ದಾಗಿದ್ದು, ರಾಜಗುರುವಾದ ಮುನಿಚಂದ್ರನನ್ನು ಕೊಂಡಾಡುತ್ತದೆ. ಎರಡೂವರೆ ಶತಮಾನಗಳ ಈ ಅವಧಿಯ ರಾಜಧಾನಿಯು ಎಷ್ಟು ವಿಸ್ತಾರವಾಗಿತ್ತು ಎಂಬುದನ್ನು ಶಾಸನಗಳಿಂದ ಅಳೆಯಲಾಗದು. ಈಗ ಊರಲ್ಲಿ ಕಾಣುವ ಕೋಟೆಯು ಹದಿನೆಂಟನೆಯ ಶತಮಾನದಲ್ಲಿ ಸಿರಸಂಗಿಯ ಜಾಯಪ್ಪ ದೇಸಾಯಿಯು ಕಟ್ಟಿಸಿದುದು. ಅದು ರಟ್ಟರ ಪುರದ ಮೇರೆಯನ್ನು ತೋರಿಸದು. ರಟ್ಟರ ನೆಲವು ಇಂದಿನ ಮನೆಗಳ ಅಡಿಯಲ್ಲಿರುವುದರಿಂದ, ಬಾವಿ, ಚರಂಡಿ, ಅಡಿಪಾಯಗಳಿಗಾಗಿ ತೋಡುವ ಪ್ರತಿಯೊಂದು ಕುಣಿಯೂ ಅಲ್ಲಿ ಒಂದು ಪರೀಕ್ಷಾಖನನವೇ ಆಗಿದೆ. ಅದರ ಲೆಕ್ಕವನ್ನು ಬರೆದಿಡುವವರು ಮಾತ್ರ ಬೇಕು.

ಇದೇ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ರೇಣುಕಾಸಾಗರವು ಹರಡಿದೆ. ಬೋಸ್ಟನ್ನಿನಲ್ಲಿ ನೀರು ನೆಲವಾಯಿತು. ಇಲ್ಲಿ ನೆಲವು ನೀರಾಯಿತು. ಬೇಸಗೆಯಲ್ಲಿ ಜಲಾಶಯವು ಇಳಿದಾಗ ಅದರ ಅಂಚಿನ ಮಣ್ಣನ್ನು ಅಲೆಗಳು ತೊಳೆಯುತ್ತವೆ. ಪ್ರತಿವರ್ಷವೂ ನೆನೆದು ಒಣಗುವ ಆ ಅಂಚಿನಲ್ಲಿಯೇ ಪ್ರಾಚೀನವಸ್ತುಗಳಿಗೆ ಹೆಚ್ಚಿನ ಹಾನಿ. ಸದಾ ನೀರಿನಡಿಯಿರುವುದು ಉಳಿದೀತು, ಸದಾ ಒಣಗಿರುವುದೂ ಕೆಲಮಟ್ಟಿಗೆ ಉಳಿದೀತು, ನಡುವಣದು ಕೆಡುವುದು.

ರಾಮದುರ್ಗವು ೧೯೪೮ರ ವರೆಗೆ ಭಾವೆ ಮನೆತನದ ಸಂಸ್ಥಾನವಾಗಿದ್ದು ಮಲಪ್ರಭೆಯ ದಡದಲ್ಲಿದೆ. ೨೦೧೯ರ ಆಗಸ್ಟಿನಲ್ಲಿ ನದಿಯು ಉಕ್ಕಿ ಬಂದಾಗ ಈ ಪಟ್ಟಣಕ್ಕೆ ನೀರು ನುಗ್ಗಿದುದು ಎಲ್ಲರಿಗೂ ನೆನಪಿರುವ ಸಂಗತಿ. ಅಂತಹ ಒಂದೊಂದು ಪ್ರವಾಹವೂ ದಡದ ಮೇಲೆ ತನ್ನದೊಂದು ತೆಳುವಾದ ಮಣ್ಣಿನ ಹಾಸನ್ನು ಬಿಟ್ಟುಹೋಗುತ್ತದೆ. ದಡದ ಪದರುಗಳನ್ನು ಎಣಿಸಿ ಕಾಲವನ್ನು ಗೊತ್ತುಮಾಡಿದರೆ, ಹಿಂದಿನವರು ಕಂಡ ಪ್ರವಾಹಗಳ ಪಂಚಾಂಗವೇ ಸಿದ್ಧವಾಗಬಹುದು. ಇದು ಇತಿಹಾಸಕ್ಕೆ ಉಪಯುಕ್ತವಾದುದಷ್ಟೇ ಅಲ್ಲ. ನದಿಯು ಎಲ್ಲಿಯ ತನಕ ಬರಬಲ್ಲುದೆಂಬುದನ್ನು ಮನೆ ಕಟ್ಟುವವನಿಗೂ ತಿಳಿಸುವುದು.

೭. ಉಪಸಂಹಾರ

ಸ್ಮಾರಕಗಳ ರಕ್ಷಣೆಗೆ ೧೯೫೮ರ ಕೇಂದ್ರಕಾಯಿದೆಯೂ ೧೯೬೧ರ ಕರ್ನಾಟಕದ ಕಾಯಿದೆಯೂ ಇವೆ. ಇವು ಕಾಣುವ ಗೋಡೆ, ಗುಡಿ, ಶಾಸನಗಳಿಗೂ, ಮೊದಲೇ ಘೋಷಿಸಿದ ನೆಲೆಗಳಿಗೂ ರಕ್ಷಣೆಯನ್ನೀಯುತ್ತವೆ. ಹೂಳಿದ ಕಂದಕವು ಕಾಣದು. ಕಾಣದುದನ್ನು ಘೋಷಿಸುವವರು ವಿರಳ. ಹೀಗಾಗಿ ಕೋಟೆಯ ಗೋಡೆಯು ಉಳಿದು, ಆ ಗೋಡೆಯ ಚರಿತ್ರೆಯನ್ನು ಹೇಳಬಲ್ಲ ಮಣ್ಣು ಬರಿಯ ತಗ್ಗೆಂದು ಎಣಿಸಲ್ಪಟ್ಟು ತುಂಬಿಹೋಗುವ ಸಂಭವವಿದೆ.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಹಳೆಯ ನಕ್ಷೆಗಳಲ್ಲಿ ಕಂದಕ, ಕೆರೆ, ಹೊಂಡಗಳಿದ್ದ ಸ್ಥಳಗಳನ್ನು ಗುರುತಿಸುವುದು. ಅಂತಹ ನೆಲದಲ್ಲಿ ಕಟ್ಟಡವೇಳುವ ಮುನ್ನ, ಅಡ್ಡಲಾಗಿ ಒಂದು ಕಿರಿಯ ಪರೀಕ್ಷಾಕುಣಿಯನ್ನು ತೋಡಿ, ಅದರ ನಾಲ್ಕು ಬದಿಗಳ ಪದರುಗಳನ್ನು ಅಳೆದು ಚಿತ್ರಿಸಿ, ಪ್ರತಿಯೊಂದು ಪದರಿನ ಹಿಡಿಮಣ್ಣನ್ನು ತೆಗೆದಿಡುವುದು. ಒದ್ದೆಯಾದ ಮರ ದೊರೆತರೆ ಒಣಗಗೊಡದೆ ನೀರಿನಲ್ಲಿಯೇ ಇರಿಸುವುದು. ಇಷ್ಟನ್ನು ಮಾಡಿದ ಮೇಲೆ ಕಟ್ಟಡವು ಎದ್ದರೂ ಇತಿಹಾಸಕ್ಕೆ ಸಂಪೂರ್ಣವಾದ ನಷ್ಟವಾಗದು.

ಕಿತ್ತೂರಿನಲ್ಲಿ ಸೆರೆಯಾಗಿದ್ದ ತರುಣನೊಬ್ಬನು ಮುಂದೆ ಈ ನಾಡಿನ ಕಲ್ಲುಗಳ ಮಾತನ್ನು ಪ್ರತಿಮಾಡಿಸಿದ್ದರಿಂದ, ಆ ಬಳಿಕ ಒಡೆದುಹೋದ, ಕಳೆದುಹೋದ ಕೆಲವು ಶಾಸನಗಳ ಪಾಠವಾದರೂ ಉಳಿಯಿತು. ಮಣ್ಣಿಗೆ ಆ ಅನುಕೂಲವಿಲ್ಲ. ಶಾಸನದ ಅಚ್ಚನ್ನು ಎರಡು ಬಾರಿ ತೆಗೆಯಬಹುದು, ಪದರನ್ನು ಒಮ್ಮೆ ಮಾತ್ರ ಅಗೆಯಬಹುದು. ಅದನ್ನು ಅಗೆಯುವವನು ಗುದ್ದಲಿಯ ಕೂಲಿಯಾಳೋ ಅಳತೆಪಟ್ಟಿಯನ್ನು ಹಿಡಿದ ವಿದ್ವಾಂಸನೋ ಎಂಬುದರ ಮೇಲೆ ಮಲಪ್ರಭೆಯ ಸೀಮೆಯ ಪುರಗಳ ಮುಂದಿನ ಇತಿಹಾಸವು ನಿಂತಿದೆ.